ತಿಂದದ್ದು ಮೈಗೆ ಹತ್ತದವನು

"ನಿಮ್ಮನೆ ನಾಯಿಗೆ ಅನ್ನ ಹಾಕೋದಿಲ್ವಾ?"

ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೆ ಅಂದರೆ ಈಗ ಸಿಟ್ಟೂ ಬರುವುದಿಲ್ಲ. ಅಡಿಕೆ ಸುಲಿಯಲು ಬಂದ ಹೆಂಗಸರು ಕೇಳಿದ್ದಾರೆ. ಸಿಲಿಂಡರ್ ತರುವ ಹುಡುಗ ಕೇಳಿದ್ದಾನೆ. ಕರೆಂಟು ಬಿಲ್ಲಿನವರು ಮಾತ್ರ ಏನೂ ಕೇಳದೆ, ನಾಯಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಬಿಲ್ಲು ಹರಿದುಕೊಟ್ಟು ಹೋದರು. ಅದು ಇನ್ನೂ ಜಾಸ್ತಿ ಚುಚ್ಚಿತು. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ತಿರುಗಿ, ಮಣ್ಣುರಸ್ತೆಯಲ್ಲಿ ಒಂದಷ್ಟು ಒಳಗೆ ಬಂದರೆ ನಮ್ಮ ಮನೆ. ಇಲ್ಲಿಗೆ ಬರುವವರೇ ಕಮ್ಮಿ. ಬಂದವರಿಗೆ ಮೊದಲು ಎದುರಾಗುವುದು ಗುಂಡ. ಮರಿಯಾಗಿದ್ದಾಗ ಉರುಳಿಸಿದರೆ ಉರುಳುವ ಹಾಗಿದ್ದ, ಅದಕ್ಕೇ ಆ ಹೆಸರು. ಪಕ್ಕೆಲುಬು ಎಣಿಸುವ ಹಾಗಾದ ಮೇಲೆ ಹೆಸರು ಬದಲಿಸಲು ಆಗುತ್ತದಾ?

ನಮ್ಮ ಕಡೆಯ ಮನೆಗಳಲ್ಲಿ ಪ್ರೀತಿ ತೋರಿಸುವುದಕ್ಕೆ ಇರುವುದು ಒಂದೇ ದಾರಿ, ಬಡಿಸುವುದು. ಬಾಯಿಬಿಟ್ಟು ಯಾರೂ ಏನೂ ಹೇಳುವುದಿಲ್ಲ. ನಾನು ಮದುವೆಯಾಗಿ ಈ ಮನೆಗೆ ಬಂದ ಮೊದಲ ವರ್ಷ ಅತ್ತೆ ನನ್ನ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿದ ನೆನಪಿಲ್ಲ. ಆದರೆ ಬೇಡ ಅಂದರೂ ಬಾಳೆಎಲೆಯ ಮೇಲೆ ಬೀಳುತ್ತಿದ್ದ ಎರಡನೇ ಸಲದ ತುಪ್ಪ ನೆನಪಿದೆ. ಅಂಥ ಮನೆಯ ನಾಯಿ ಬಡಕಲಾಗಿದೆ ಅಂದರೆ ಅದು ನಾಯಿಯ ಕಾಯಿಲೆ ಅಲ್ಲ, ಮನೆಯ ಮಾನದ ಪ್ರಶ್ನೆ.

ಗುಂಡ ಜಾತಿ ನಾಯಿ. ಜರ್ಮನ್ ಶೆಫರ್ಡ್. ತೋಟಕ್ಕೆ ಬರುವ ಮಂಗಗಳ ಕಾಟ ತಡೆಯಲಾರದೆ ಇವರು ಸಾಗರದ ಸ್ನೇಹಿತರ ಮನೆಯಿಂದ ತಂದಿದ್ದರು. "ಊರುನಾಯಿ ಸಾಕಿತ್ತು" ಅಂತ ಅತ್ತೆ ಅವತ್ತೇ ಹೇಳಿದ್ದರು. ಮಂಗಗಳು ಒಂದು ವಾರ ಹೆದರಿದವು. ಆಮೇಲೆ ಮರದ ಮೇಲೆ ಕೂತು ಅವನನ್ನು ಅಣಕಿಸುವುದನ್ನು ಕಲಿತವು.

ಎರಡು ವರ್ಷ ತುಂಬುವ ಹೊತ್ತಿಗೆ ಶುರುವಾಯಿತು. ಮೊದಲು ನಮಗೆ ಕಂಡದ್ದು ಹಸಿವು. ಬೆಳಗ್ಗೆ ಒಂದು ಪಾತ್ರೆ ಅನ್ನ, ಹಾಲು. ಮಧ್ಯಾಹ್ನ ಇನ್ನೊಂದು ಪಾತ್ರೆ. ರಾತ್ರಿ ಅನ್ನದ ಜೊತೆ ಮೊಟ್ಟೆ. (ಮೊಟ್ಟೆ ಬೇಯುತ್ತಿದ್ದದ್ದು ಬಚ್ಚಲ ಒಲೆಯಲ್ಲಿ. ಅದಕ್ಕೆ ಬೇರೆ ಪಾತ್ರೆ, ಬೇರೆ ಸೌಟು. ಅಡುಗೆಮನೆಯ ಹೊಸಿಲು ಅದು ದಾಟಿಲ್ಲ.) ತಿಂದು ಮುಗಿಸಿ ಪಾತ್ರೆಯನ್ನು ಅಂಗಳದ ತುದಿಯವರೆಗೆ ನೆಕ್ಕುತ್ತಾ ತಳ್ಳಿಕೊಂಡು ಹೋಗುತ್ತಿದ್ದ. ಕೊಟ್ಟಿಗೆಗೆ ನುಗ್ಗಿ ದನದ ಬಾನಿಯ ಕಲಗಚ್ಚು ಕುಡಿಯುತ್ತಿದ್ದ. ಸಗಣಿ ತಿನ್ನುತ್ತಿದ್ದ. ಸತ್ಯನಾರಾಯಣ ಕಥೆಯ ದಿನ ಊಟದ ಎಲೆಗಳನ್ನು ಹಿತ್ತಲಿನ ಗುಂಡಿಗೆ ಹಾಕಿದ್ದೆವು. ಹೋಗಿ ನೋಡಿದರೆ ಎಲೆಯ ಮೇಲಿನದನ್ನಲ್ಲ, ಎಲೆಯನ್ನೇ ಹರಿದು ನುಂಗುತ್ತಿದ್ದ. ಕೈ ತೊಳೆಯಲು ಬಂದ ನೆಂಟರೊಬ್ಬರು "ಅಯ್ಯೋ ಪಾಪ, ಎಷ್ಟು ದಿನದ ಹಸಿವೋ" ಅಂದರು. ಅತ್ತೆ ಕೈಯಲ್ಲಿದ್ದ ನೀರಿನ ಚೊಂಬನ್ನು ಅಲ್ಲೇ ಇಟ್ಟು ಒಳಗೆ ಹೋದರು. ಆ ದಿನ ಸಂಜೆ ಗುಂಡನಿಗೆ ಎರಡರಷ್ಟು ಊಟ ಬಿತ್ತು. ನೆಂಟರ ಮೇಲಿನ ಸಿಟ್ಟೆಲ್ಲ ಅನ್ನವಾಗಿ ಅವನ ಪಾತ್ರೆಗೆ ಸುರಿಯಿತು.

ಐದು ತಿಂಗಳಲ್ಲಿ 31 ಕೆ.ಜಿ. ಇದ್ದವನು 19ಕ್ಕೆ ಬಂದ.

ಹೇಲಿನ ವಿಷಯ

ಇದನ್ನು ಬಿಟ್ಟು ಈ ಕಥೆ ಹೇಳಲು ಆಗುವುದಿಲ್ಲ. ಊಟ ಮಾಡುತ್ತಾ ಓದುತ್ತಿರುವವರು ಆಮೇಲೆ ಬನ್ನಿ. ಮಲ ಅಂತ ಬರೆದರೆ ಲ್ಯಾಬ್ ರಿಪೋರ್ಟಿನ ಹಾಗಾಗುತ್ತದೆ, ಹಾಗಾಗಿ ಹೇಲು ಅಂತಲೇ ಬರೆಯುತ್ತೇನೆ.

ದಿನಕ್ಕೆ ಆರು ಸಲ, ಏಳು ಸಲ. ಒಂದೊಂದು ಸಲವೂ ಕರುವಿನ ಸಗಣಿಯಷ್ಟು ರಾಶಿ. ಬಣ್ಣ ತಿಳಿಹಳದಿ. ಮಳೆ ಬಿದ್ದರೆ ಅದರ ಮೇಲೆ ಎಣ್ಣೆಯ ಪಸೆ ತೇಲುತ್ತಿತ್ತು. ಅನ್ನದ ಅಗಳು ಹಾಕಿದ ಹಾಗೇ ಇರುತ್ತಿತ್ತು. ಹುಳಿ ಹುಳಿ ವಾಸನೆ. ನಾವು ಸಲಿಕೆ ತರುವಷ್ಟರಲ್ಲಿ ಅವನೇ ಅದನ್ನು ತಿಂದಿರುತ್ತಿದ್ದ. ಜಗುಲಿ ಹತ್ತಲು ಅವನಿಗೆ ಅವತ್ತಿನಿಂದ ಅನುಮತಿ ಇಲ್ಲ. ಅಂಗಳದ ಕಟ್ಟೆಯ ಮೇಲೆ ಮಲಗಿದರೂ ಅವನ ಹೊಟ್ಟೆಯ ಗುಡುಗುಡು ಒಳಗಿನ ಕೋಣೆಗೆ ಕೇಳುತ್ತಿತ್ತು.

ಉಣುಗು ಜ್ವರ ಇರಬೇಕು ಅಂತ ಮೊದಲು ಎಲ್ಲರಿಗೂ ಅನ್ನಿಸಿದ್ದು. ಅದರಲ್ಲಿ ತಪ್ಪಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಗೆ ಮಂಗಗಳು ಸತ್ತು ಬಿದ್ದಾಗಿನಿಂದ ನಮ್ಮ ಜಿಲ್ಲೆಯಲ್ಲಿ ಉಣುಗು ಅಂದರೆ ಅರ್ಧ ಜೀವ ಹೋಗುತ್ತದೆ. ನಾಯಿಗೆ ಬರುವ ಉಣುಗು ಜ್ವರ ಬೇರೆಯದೇ, ಆದರೂ ತೋಟ ಸುತ್ತುವ ನಾಯಿ ಸೊರಗಿದರೆ ಯಾವ ಡಾಕ್ಟರಾದರೂ ಮೊದಲು ಅದನ್ನೇ ಯೋಚಿಸುತ್ತಾರೆ. ರಕ್ತ ನೋಡಿದರು, ಇರಲಿಲ್ಲ. ಆಮೇಲೆ ಜಂತುಹುಳ. ಮೂರು ಸಲ ಮಾತ್ರೆ ಹಾಕಿದೆವು. ಹುಳ ಬಿದ್ದವು, ತೂಕ ಏರಲಿಲ್ಲ. ಆಮೇಲೆ ಊರಿನ ಔಷಧಿಗಳ ಸರದಿ. ಒಬ್ಬರು ಮಜ್ಜಿಗೆ ಅನ್ನ ಮಾತ್ರ ಹಾಕಿ ಅಂದರು. ಇನ್ನೊಬ್ಬರು ಮಜ್ಜಿಗೆ ತೋರಿಸಲೇಬೇಡಿ ಅಂದರು. ಅತ್ತೆ ಒಂದು ಅಮಾವಾಸ್ಯೆಯ ಸಂಜೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲವಂತೆ, ಅಂದರೆ ದೃಷ್ಟಿ ಗಟ್ಟಿಯಾಗಿಯೇ ಆಗಿದೆ ಅಂತ ಲೆಕ್ಕ.

ನಾನು ಇದರಲ್ಲೆಲ್ಲ ಏನು ಮಾಡುತ್ತಿದ್ದೆ? ನಾಚಿಕೆಯಿಂದಲೇ ಹೇಳಬೇಕು, ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಪ್ರತಿ ವರ್ಷ ಹತ್ತನೇ ಕ್ಲಾಸಿಗೆ ಜೀವಕ್ರಿಯೆಗಳು ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ಜಠರ ಬರೆದು, ಅದರ ಹಿಂದೆ ಮಾವಿನ ಎಲೆಯ ಹಾಗೆ ಮೇದೋಜೀರಕ ಗ್ರಂಥಿ ಬರೆದು, ಬಾಣದ ಗುರುತು ಹಾಕಿ, "ಟ್ರಿಪ್ಸಿನ್ ಪ್ರೋಟೀನಿಗೆ, ಲೈಪೇಸ್ ಕೊಬ್ಬಿಗೆ" ಅಂತ ಮಕ್ಕಳ ಬಾಯಲ್ಲಿ ಹೇಳಿಸುತ್ತೇನೆ. ಚಿತ್ರ ಬಿಡಿಸಿ ಭಾಗ ಗುರುತಿಸಿದರೆ ಪೂರ್ತಿ ಅಂಕ ಸಿಗುತ್ತದೆ ಅಂತ ಆಸೆ ತೋರಿಸುತ್ತೇನೆ. ಅದೇ ಗ್ರಂಥಿ ಕೈಕೊಟ್ಟರೆ ಹೇಗಿರುತ್ತದೆ ಅನ್ನುವುದು ಐದು ತಿಂಗಳು ನನ್ನ ಅಂಗಳದಲ್ಲೇ ರಾಶಿ ರಾಶಿ ಬಿದ್ದಿತ್ತು. ಎಣ್ಣೆಯ ಪಸೆ ಕಂಡರೂ ಲೈಪೇಸ್ ನೆನಪಾಗಲಿಲ್ಲ. ಪಾಠ ಮಾಡುವುದಕ್ಕೂ ತಿಳಿಯುವುದಕ್ಕೂ ಇಷ್ಟು ದೂರ ಇದೆ.

ಉಪವಾಸದ ರಾತ್ರಿ

ಕೊನೆಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುವುದು ಅಂತಾಯಿತು. ವಿನೋಬನಗರದ ಪಶುವೈದ್ಯಕೀಯ ಕಾಲೇಜಿಗೆ. ಫೋನಿನಲ್ಲಿ ಲಕ್ಷಣ ಕೇಳಿದ ಡಾಕ್ಟರು ಒಂದೇ ಮಾತು ಹೇಳಿದರು: ರಕ್ತ ತೆಗೆಯುವ ಮೊದಲು ಹನ್ನೆರಡು ಗಂಟೆ ಹೊಟ್ಟೆಗೆ ಏನೂ ಹಾಕಬೇಡಿ. ನೀರು ಪರವಾಗಿಲ್ಲ.

ಸುಮ್ನೆ ಯೋಚನೆ ಮಾಡಿ. ಸಗಣಿ ತಿನ್ನುವಷ್ಟು ಹಸಿದ ನಾಯಿಯನ್ನು ಹನ್ನೆರಡು ಗಂಟೆ ಉಪವಾಸ ಇಡಬೇಕು. ಸಂಜೆ ಏಳಕ್ಕೆ ಕೊನೆಯ ಊಟ ಹಾಕಿ ಅವನನ್ನು ಸ್ನಾನದ ಮನೆಯ ಪಕ್ಕದ ಸೌದೆ ಕೋಣೆಯಲ್ಲಿ ಕಟ್ಟಿದೆವು. ಅಂಗಳದಲ್ಲಿ ಬಿಟ್ಟರೆ ಏನನ್ನಾದರೂ ತಿನ್ನುತ್ತಾನೆ. ಒಂಬತ್ತು ಗಂಟೆಗೆ ಶುರುವಾಯಿತು. ಅದು ಬೊಗಳುವುದಲ್ಲ, ಅಳುವುದೂ ಅಲ್ಲ. ಬಾಗಿಲ ಸಂದಿಗೆ ಮೂಗು ಇಟ್ಟು ಸಣ್ಣದಾಗಿ ಕುಂಯ್ ಅನ್ನುವುದು. ನಿಲ್ಲಿಸುವುದು. ನಾವು ಬರುತ್ತೇವಾ ಅಂತ ಕೇಳಿಸಿಕೊಳ್ಳುವುದು. ಮತ್ತೆ ಶುರು. ಇವರು ಹಾಸಿಗೆಯಲ್ಲಿ ಹೊರಳುತ್ತಿದ್ದರು. ನಾನು ಎದ್ದು ಹೋದಾಗ ಸೌದೆ ಕೋಣೆಯ ಎದುರು ಅತ್ತೆ ಮಣೆ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಟಾರ್ಚು. ಬಾಗಿಲಿನ ಆಚೆಗೆ ಹೇಳುತ್ತಿದ್ದರು: "ಇವತ್ತು ಏಕಾದಶಿ ಅಂತ ತಿಳ್ಕೋ ಮಾರಾಯ. ನಾನು ಎಷ್ಟು ವರ್ಷದಿಂದ ಮಾಡ್ತಾ ಇದ್ದೇನೆ, ಸತ್ತಿದ್ದೇನಾ?"

ನನ್ನನ್ನು ನೋಡಿ ಸ್ವಲ್ಪ ನಾಚಿದರು. "ನೀ ಮಲಗು, ಬೆಳಗ್ಗೆ ಕಾರಿನಲ್ಲಿ ಹೋಗೋದಿದೆ" ಅಂದರು. ನಾನೂ ಪಕ್ಕದಲ್ಲಿ ಕೂತೆ. ಮಾತೇನೂ ಆಡಲಿಲ್ಲ. ಎರಡು ಗಂಟೆಯ ಹೊತ್ತಿಗೆ ಅವನ ಸದ್ದು ನಿಂತಾಗ ಇಬ್ಬರಿಗೂ ಒಟ್ಟಿಗೇ ಭಯವಾಗಿ ಬಾಗಿಲು ತೆಗೆದು ನೋಡಿದೆವು. ನಿದ್ದೆ ಮಾಡುತ್ತಿದ್ದ. ಒಂದು ಸೌದೆ ಚಕ್ಕೆಯ ತೊಗಟೆ ಅರ್ಧ ಇರಲಿಲ್ಲ.

ಬೆಳಗ್ಗೆ ಹೊರಟೆವು. ತೀರ್ಥಹಳ್ಳಿ ದಾಟಿ, ತುಂಗೆಯ ಪಕ್ಕದಲ್ಲೇ ಹೋಗುವ ರಸ್ತೆ. ಮಂಡಗದ್ದೆಯವರೆಗೂ ಸೀಟಿನ ಮೇಲೆ ಸುಮ್ಮನೆ ಮಲಗಿದ್ದವನು ಸಕ್ರೆಬೈಲು ಬಂದಾಗ ಎದ್ದು ಕೂತ. ಕಿಟಕಿಯಿಂದ ಮೂಗು ಹೊರಗೆ ಹಾಕಿ ಗಾಳಿ ಎಳೆದುಕೊಂಡ. ಆನೆ ಬಿಡಾರದ ವಾಸನೆ ಇರಬೇಕು. ಕಿವಿ ನಿಗುರಿಸಿ, ಒಂದು ಸಲ ಜೋರಾಗಿ ಬೊಗಳಿದ. ತಿಂಗಳುಗಳಲ್ಲಿ ಅನ್ನದ ಪಾತ್ರೆ ಬಿಟ್ಟು ಬೇರೆ ಯಾವುದಕ್ಕಾದರೂ ಅವನು ಕಿವಿ ನಿಗುರಿಸಿದ್ದು ಅದೇ ಮೊದಲು. ಇವರು ಗಾಜನೂರು ಬರುವವರೆಗೂ ಕನ್ನಡಿಯಲ್ಲಿ ಅವನನ್ನೇ ನೋಡುತ್ತಾ ಗಾಡಿ ಓಡಿಸಿದರು.

ಡಾಕ್ಟರು ಬೆನ್ನಿನ ಮೂಳೆ ಸವರಿದರು, ನಾನು ಡಬ್ಬಿಯಲ್ಲಿ ಒಯ್ದಿದ್ದ ಸ್ಯಾಂಪಲ್ಲು ನೋಡಿದರು, "ಜರ್ಮನ್ ಶೆಫರ್ಡ್ ಅಲ್ವಾ" ಅಂದರು. ಅಷ್ಟಕ್ಕೇ ಅವರಿಗೆ ಮುಕ್ಕಾಲು ಗೊತ್ತಾಗಿತ್ತು ಅನ್ನಿಸುತ್ತದೆ. ಟಿಎಲ್‌ಐ ಅಂತ ಒಂದು ಪರೀಕ್ಷೆ. ಮೇದೋಜೀರಕ ಗ್ರಂಥಿ ಸರಿಯಾಗಿದ್ದರೆ ಅದು ಮಾಡುವ ಟ್ರಿಪ್ಸಿನ್ನಿನ ಮೂಲವಸ್ತು ಒಂಚೂರು ರಕ್ತಕ್ಕೂ ಸೋರುತ್ತಿರುತ್ತದೆ. ಗ್ರಂಥಿಯೇ ಬತ್ತಿದ್ದರೆ ಸೋರುವುದಕ್ಕೂ ಏನೂ ಇರುವುದಿಲ್ಲ. 2.5ಕ್ಕಿಂತ ಕೆಳಗೆ ಬಂದರೆ ಕಾಯಿಲೆ ಖಚಿತ. ರಕ್ತ ಬೆಂಗಳೂರಿಗೆ ಹೋಗಿ ರಿಪೋರ್ಟು ಬರಲು ಒಂದು ವಾರಕ್ಕಿಂತ ಜಾಸ್ತಿ ಹಿಡಿಯಿತು. ಗುಂಡನದು 1.1.

ಎಕ್ಸೋಕ್ರೈನ್ ಪ್ಯಾಂಕ್ರಿಯಾಟಿಕ್ ಇನ್‌ಸಫಿಶಿಯನ್ಸಿ. ಬಾಯಿ ತುಂಬುವ ಹೆಸರು. ಇಪಿಐ ಅನ್ನುತ್ತಾರೆ. ಜೀರ್ಣರಸ ಮಾಡುವ ಜೀವಕೋಶಗಳು ಚಿಕ್ಕ ವಯಸ್ಸಿನಲ್ಲೇ ಒಂದೊಂದಾಗಿ ಬತ್ತಿಹೋಗುತ್ತವೆ. ಈ ತಳಿಯಲ್ಲಿ ಇದು ಜಾಸ್ತಿ. ರಕ್ತದಲ್ಲೇ ಬಂದದ್ದು. ಗ್ರಂಥಿಯ ಶಕ್ತಿಯಲ್ಲಿ ಸುಮಾರು 90 ಭಾಗ ಹೋಗುವವರೆಗೂ ಹೊರಗೆ ಏನೂ ಕಾಣುವುದಿಲ್ಲವಂತೆ. ಗುಂಡ ಮಂಗ ಓಡಿಸುತ್ತಾ ದಪ್ಪಗಿದ್ದಾಗಲೇ ಒಳಗೆ ಅಂಗಡಿ ಮುಚ್ಚುತ್ತಾ ಬಂದಿತ್ತು. ಗುಣವಾಗುವುದಿಲ್ಲ. ಆದರೆ ಹೊರಗಿನಿಂದ ಆ ರಸ ಕೊಟ್ಟರೆ ಬದುಕುತ್ತಾನೆ, ಪ್ರತಿ ಊಟಕ್ಕೂ, ಇರುವವರೆಗೂ. ಎಷ್ಟೋ ಜನ ಇದು ಕೇಳಿದ ಮೇಲೆ ಬೇಡ ಅಂದುಬಿಡುತ್ತಾರೆ ಅಂತಲೂ ಡಾಕ್ಟರು ಹೇಳಿದರು. ಹೇಳಿ ನಮ್ಮ ಮುಖ ನೋಡಿದರು.

ಅತ್ತೆಗೆ ಫೋನ್ ಮಾಡಿದೆ. ಅವರು ಕಾಯಿಲೆಯ ಹೆಸರು ಕೇಳಲಿಲ್ಲ. "ಅಂದ್ರೆ ನಾವು ಹಾಕಿದ್ದು ಕಮ್ಮಿ ಆಗಿದ್ದಲ್ಲ ಅಲ್ಲವನೇ?" ಅಂದರು. ಅಲ್ಲ ಅತ್ತೆ, ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅವತ್ತು ಬಂದಿದ್ರಲ್ಲ, ಅವರಿಗೊಂದು ಫೋನ್ ಮಾಡಿ ಹೇಳು."

ಹೆಪ್ಪು ಹಾಕುವ ಬೆರಳು

ಹೊರಗಿನಿಂದ ಕೊಡುವ ರಸ ಅಂದರೆ ಎರಡು ದಾರಿ. ಒಂದು, ಬೇರೆ ಪ್ರಾಣಿಯ ಅದೇ ಗ್ರಂಥಿಯನ್ನು ಹಸಿಯಾಗಿ ಹೆಚ್ಚಿ ಊಟಕ್ಕೆ ಬೆರೆಸುವುದು. ಬೇಯಿಸಿದರೆ ಕಿಣ್ವ ಕೆಟ್ಟುಹೋಗುತ್ತದೆ. ಫ್ರೀಜರಿನಲ್ಲಿ ಇಟ್ಟರೆ ಕೆಡುವುದಿಲ್ಲ. ಇನ್ನೊಂದು, ಅದೇ ಗ್ರಂಥಿಯನ್ನು ಒಣಗಿಸಿ ಮಾಡಿದ ಪುಡಿ.

ಪುಡಿ ತರಿಸಲು ಹತ್ತು ದಿನ ಬೇಕಿತ್ತು. ಅಲ್ಲಿಯವರೆಗೆ ಮೊದಲ ದಾರಿ ನೋಡೋಣ ಅಂತ ತೀರ್ಥಹಳ್ಳಿಯ ಮಟನ್ ಅಂಗಡಿಗೆ ಹೋದೆ. ಹುಟ್ಟಿದಾಗಿನಿಂದ ಅಂಥ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲೇ ನಿಂತಿದ್ದ, ನನ್ನನ್ನು ನೋಡಿ ಅವನಿಗೇ ಕಸಿವಿಸಿಯಾಯಿತು. ಅಂಗಡಿಯವರು "ಲಿವರ್ರಾ ಮೇಡಂ, ಬೋಟೀನಾ?" ಅಂದರು. ನಾನು ಮೊಬೈಲಿನಲ್ಲಿ ಚಿತ್ರ ತೋರಿಸಿ, ಬೋರ್ಡಿನ ಮೇಲೆ ಬರೆಯುವ ಹಾಗೆ ಬೆರಳಲ್ಲಿ ಗಾಳಿಯಲ್ಲಿ ಬರೆದು, ಹೊಟ್ಟೆಯ ಹಿಂದೆ, ಕರುಳಿಗೆ ಅಂಟಿಕೊಂಡು, ತಿಳಿ ಗುಲಾಬಿ ಬಣ್ಣ ಅಂತೆಲ್ಲ ಹೇಳಿದೆ. ಅವರಿಗೆ ಹೊಳೆಯಿತು. "ಓ ಅದಾ, ಅದನ್ನ ಎಸೀತೀವಲ್ಲ" ಅಂದರು. ಎಸೆಯುವುದಕ್ಕೆ ದುಡ್ಡು ತೆಗೆದುಕೊಳ್ಳಲು ಅವರು ಕೊನೆಯವರೆಗೂ ಒಪ್ಪಲಿಲ್ಲ. ಒಂದು ಕುರಿಯದು ಒಂದು ಹಿಡಿಯೂ ಆಗುವುದಿಲ್ಲ. ಭಾನುವಾರ ಐದಾರು ಕೂಡಿಸಿ ಇಡುತ್ತಿದ್ದರು.

ಕೊಟ್ಟಿಗೆಯ ಪಕ್ಕದ ಕೋಣೆಗೆ ಹಳೆಯದೊಂದು ಫ್ರಿಜ್ ತಂದು ಇಟ್ಟೆವು. ಅತ್ತೆ ಆ ಕೋಣೆಗೆ ಹೋಗುವುದನ್ನೇ ಬಿಟ್ಟರು. ಏನೂ ಅನ್ನಲಿಲ್ಲ, ಅಷ್ಟೇ. ಈ ದಾರಿಯನ್ನು ಮುಗಿಸಿದ್ದು ಅತ್ತೆ ಅಲ್ಲ, ಆಷಾಢದ ಮಳೆ. ಲೈನಿನ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲ. ಐದನೇ ದಿನ ಫ್ರಿಜ್ಜಿನ ಬಾಗಿಲು ತೆಗೆದವರು ಇವರು. ಅದರ ಬಗ್ಗೆ ಇವತ್ತಿಗೂ ಮಾತಾಡುವುದಿಲ್ಲ.

ಪುಡಿ ಬಂತು. ಕೊರಿಯರ್ ತಡವಾದ ವಾರಗಳಲ್ಲಿ ಡಾಕ್ಟರಿಗೆ ಹೇಳಿ, ಮನುಷ್ಯರಿಗೆ ಕೊಡುವ ಕ್ಯಾಪ್ಸೂಲನ್ನೇ ಬಿಡಿಸಿ ಹಾಕಿದ್ದೂ ಇದೆ. ತಿಂಗಳಿಗೆ ಮೂರು ಸಾವಿರದ ಹತ್ತಿರ ಬೀಳುತ್ತದೆ. "ನಾಯಿಗಾ?" ಅನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ. ಇವರು "ಅಡಿಕೆಗೆ ರೇಟಿದೆ" ಅನ್ನುತ್ತಾರೆ. ಬಿ12 ಕೂಡ ಇವನ ಕರುಳಿಗೆ ಹತ್ತುವುದಿಲ್ಲ, ಹಾಗಾಗಿ ಆರು ವಾರ ವಾರಕ್ಕೊಂದು ಇಂಜೆಕ್ಷನ್. ಐವತ್ತು ಅಡಿ ಮರದ ಕೊನೆಗೆ ಔಷಧಿ ಹೊಡೆಸುವ ಇವರಿಗೆ ಕುತ್ತಿಗೆಯ ಚರ್ಮ ಎತ್ತಿ ಸೂಜಿ ಚುಚ್ಚಲು ಕೈ ನಡುಗಿತು. ನಾಯಿ ತಿರುಗಿಯೂ ನೋಡಲಿಲ್ಲ.

ಪುಡಿಯನ್ನು ಊಟಕ್ಕೆ ಕಲಸಿ ಅರ್ಧ ಗಂಟೆ ಬಿಡಿ ಅಂತ ಯಾರೋ ಹೇಳಿದ್ದರು. ಬಿಡಲೇಬೇಕು ಅಂತೇನಿಲ್ಲ, ಚೆನ್ನಾಗಿ ಕಲಸಿ ಕೊಟ್ಟರೆ ಸಾಕು ಅಂತ ಡಾಕ್ಟರು ಆಮೇಲೆ ಹೇಳಿದರು. ಆದರೆ ಆ ಅರ್ಧ ಗಂಟೆಯಿಂದಾಗಿಯೇ ಒಂದು ಒಳ್ಳೆಯದಾಯಿತು. ಗಟ್ಟಿ ಗಂಜಿಗೆ ಪುಡಿ ಕಲಸಿ ಕಟ್ಟೆಯ ಮೇಲೆ ಇಟ್ಟಿದ್ದೆ. ಅತ್ತೆ ಬತ್ತಿ ಹೊಸೆಯುತ್ತಾ ಅಲ್ಲೇ ಕೂತಿದ್ದರು. ಸ್ವಲ್ಪ ಹೊತ್ತಿನಲ್ಲಿ "ಇದೆಂತದೇ, ನೀರಾಯ್ತಲ್ಲ" ಅಂದರು. ಸೌಟು ನಿಲ್ಲಿಸಿದರೆ ನಿಲ್ಲುತ್ತಿದ್ದ ಗಂಜಿ ಅಕ್ಕಿ ತೊಳೆದ ನೀರಿನ ಹಾಗೆ ಆಗಿತ್ತು. ಹೊಟ್ಟೆಯೊಳಗೆ ಆಗಬೇಕಾದದ್ದು ಕಣ್ಣೆದುರೇ ಪಾತ್ರೆಯಲ್ಲಿ ಆಗುತ್ತಿತ್ತು. ಇಷ್ಟು ವರ್ಷ ಪಾಠ ಮಾಡಿದ ನನಗೇ ಮೈ ಜುಂ ಅಂದಿತು. ಬಿಸಿ ಇದ್ದರೆ ಪುಡಿ ಕೆಲಸ ಮಾಡುವುದಿಲ್ಲ, ತಣ್ಣಗೆ ಕೊರೆಯುತ್ತಿದ್ದರೂ ಸರಿಯಾಗುವುದಿಲ್ಲ ಅಂತ ನಾನು ವಿವರಿಸಲು ಹೊರಟೆ. ಅತ್ತೆ ಅರ್ಧಕ್ಕೇ ತಡೆದರು. "ಹೆಪ್ಪು ಹಾಕೋ ಹದ ಅನ್ನು. ಕುದಿಯೋ ಹಾಲಿಗೆ ಯಾರು ಹೆಪ್ಪು ಹಾಕ್ತಾರೆ?"

ಮರುದಿನದಿಂದ ಗುಂಡನ ಊಟದ ಜವಾಬ್ದಾರಿ ಅವರದು. ಮೊಸರಿಗೆ ಹೆಪ್ಪು ಹಾಕುವ ಮುಂಚೆ ಹಾಲಿಗೆ ಅದ್ದಿ ನೋಡುವ ಕಿರುಬೆರಳು ಈಗ ನಾಯಿಯ ಗಂಜಿಗೂ. ಮೊದಮೊದಲು ಪುಡಿ ಜಾಸ್ತಿಯಾಗಿ ಅವನ ಒಸಡಿನಲ್ಲಿ ರಕ್ತ ಬಂತು. ಮಾಂಸ ಕರಗಿಸುವ ಪುಡಿಗೆ ಬಾಯಿ ಯಾವುದು, ಊಟ ಯಾವುದು ಅಂತ ಗೊತ್ತಾಗುವುದಿಲ್ಲವಲ್ಲ. ಡಾಕ್ಟರನ್ನು ಕೇಳಿ ಪ್ರಮಾಣ ಇಳಿಸಿದೆವು, ನೀರು ಜಾಸ್ತಿ ಮಾಡಿದೆವು. ವಾಸಿಯಾಯಿತು.

ಒಂದು ದಿನ ಅತ್ತೆ ಕೇಳಿಯೇಬಿಟ್ಟರು. "ಇದು ಎಂತರದ್ದು?" ಸುಳ್ಳು ಹೇಳಬಹುದಿತ್ತು. "ಹಂದಿಯದು" ಅಂದೆ. ಕೈಯಲ್ಲಿದ್ದ ಚಮಚ ನಿಂತಿತು. ನನಗೆ ಆ ಕ್ಷಣಕ್ಕೆ ಮಾವ ನೆನಪಾದರು. ಸಕ್ಕರೆ ಕಾಯಿಲೆಯವರು, ಎಂಬತ್ತರ ದಶಕದಿಂದ ಇನ್ಸುಲಿನ್ ಚುಚ್ಚಿಕೊಂಡವರು. ಚುಚ್ಚುತ್ತಿದ್ದದ್ದು ಅತ್ತೆಯೇ. "ಮಾವನಿಗೆ ಕೊಡ್ತಿದ್ರಲ್ಲ, ಆಗಿನ ಇನ್ಸುಲಿನ್ನೂ ಪ್ರಾಣಿಯ ಇದೇ ಗ್ರಂಥಿಯಿಂದ ತೆಗೀತಿದ್ದದ್ದು" ಅಂದೆ. ಹಂದಿಯದಾ ಅಂದರು. ಹಂದಿಯದು ಅಂದೆ. ದನದ್ದೂ ಇರುತ್ತಿತ್ತು ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ವಿಜ್ಞಾನದ ಟೀಚರ್ ಆಗಿ ಅದು ಸರಿಯಾ ಅಂತ ಆಮೇಲೆ ತುಂಬಾ ಸಲ ಯೋಚಿಸಿದ್ದೇನೆ. ಸೊಸೆಯಾಗಿ ಸರಿ ಅನ್ನಿಸುತ್ತದೆ.

ಅತ್ತೆ ಬಹಳ ಹೊತ್ತು ಗಂಜಿ ತಿರುವುತ್ತಾ ಕೂತರು. "ಸಂಧ್ಯಾವಂದನೆ ಮಾಡಿ ಬಂದು ತೋಳು ಒಡ್ಡುತ್ತಿದ್ರು" ಅಂದರು. ಅಷ್ಟೇ. ಎದ್ದು ಹೋಗಿ ಗುಂಡನ ಪಾತ್ರೆ ಇಟ್ಟು ಬಂದರು. ಕೈಯನ್ನು ಎರಡು ಸಲ ತೊಳೆದುಕೊಂಡರು.

ಮೊದಲ ದೋಸೆ

ಆರು ತಿಂಗಳಲ್ಲಿ 26 ಕೆ.ಜಿ. ಹೇಲು ದಿನಕ್ಕೆ ಎರಡೇ ಸಲ, ಕಂದು ಬಣ್ಣ, ಕಡ್ಡಿಯಿಂದ ಎತ್ತಿದರೆ ಬರುವಷ್ಟು ಗಟ್ಟಿ. ಬೆಳಗ್ಗೆ ಎದ್ದು ಅದನ್ನು ನೋಡಿದರೆ ನನಗೆ ಎಷ್ಟು ಖುಷಿಯಾಗುತ್ತದೆ ಅಂತ ಬೇರೆಯವರಿಗೆ ಹೇಳಿಕೊಳ್ಳಲೂ ಆಗುವುದಿಲ್ಲ. ಮುಂಚೆ ಪಾತ್ರೆಗೆ ಎಷ್ಟು ಬಿತ್ತು ಅಂತ ನೋಡುತ್ತಿದ್ದವರು ನಾವು. ಈಗ ಯಾರೂ ಅದನ್ನು ಕೇಳುವುದಿಲ್ಲ.

ಆಮೇಲೆ ಒಂದು ಮೇ ತಿಂಗಳಲ್ಲಿ ಮತ್ತೆ ಹಳದಿಗೆ ತಿರುಗಿತು. ಪುಡಿ ಅದೇ, ಅಳತೆ ಅದೇ. ನನ್ನ ಅನುಮಾನ ಹಲಸಿನ ಮೇಲೆ. ತೋಟದ ತುಂಬ ಹಣ್ಣು ಬಿದ್ದು ಒಡೆದಿರುತ್ತದೆ, ನಾರು ಜಾಸ್ತಿ ಇರುವುದು ಇವನಿಗೆ ಆಗುವುದಿಲ್ಲ. ಕಟ್ಟಿ ಹಾಕಿದೆವು. ಆದರೂ ಕಮ್ಮಿಯಾಗಲಿಲ್ಲ. ಬೇಸಿಗೆ ರಜೆ, ನಾನು ಮನೆಯಲ್ಲೇ. ಒಂದು ಬೆಳಗ್ಗೆ ಬೇಗ ಎದ್ದು ಅಡುಗೆಮನೆಗೆ ಬಂದರೆ ಅತ್ತೆ ಹಿಂಬಾಗಿಲಲ್ಲಿ ಬಗ್ಗಿ ನಿಂತಿದ್ದಾರೆ. ಕೈಯಲ್ಲಿ ದೋಸೆ. ಆಚೆ ಗುಂಡನ ಬಾಲ.

ಕಾವಲಿಯ ಮೊದಲ ದೋಸೆ ಸರಿಯಾಗಿ ಏಳುವುದಿಲ್ಲ. ಅದು ನಾಯಿಗೆ. ಈ ಮನೆಯಲ್ಲಿ ಎಷ್ಟು ನಾಯಿಗಳು ಬಂದು ಹೋದವೋ ಅಷ್ಟಕ್ಕೂ ಸಿಕ್ಕಿದೆ. ಪುಡಿಯಿಲ್ಲದೆ ಒಂದು ಚೂರೂ ಬಾಯಿಗೆ ಹೋಗಬಾರದು ಅಂತ ನಾನು ಎಲ್ಲರಿಗೂ ಹೇಳಿದ್ದೆ, ಗೋಡೆಗೆ ಚೀಟಿಯನ್ನೂ ಅಂಟಿಸಿದ್ದೆ. ಸಿಟ್ಟು ಬಂತು. ಕ್ಲಾಸಿನಲ್ಲಿ ಬಯ್ಯುವ ದನಿಯಲ್ಲೇ ಬಯ್ದೆ ಅಂತ ಕಾಣುತ್ತದೆ. ಅತ್ತೆ ಸೆಟೆದು ನಿಂತು ನನ್ನನ್ನು ನೋಡಿದರು. "ಬಾಗಿಲಿಗೆ ಬಂದು ನಿಲ್ತಾನೆ. ನೀನು ಚೀಟಿ ಓದು ಅಂತ ಅವನಿಗೆ ಹೇಳಲಾ?" ಅವತ್ತು ಇಡೀ ದಿನ ಮಾತಿಲ್ಲ. ನನ್ನ ಎಲೆಗೆ ಎರಡನೇ ಸಲ ತುಪ್ಪವೂ ಬೀಳಲಿಲ್ಲ.

ಒಂದು ವಾರದಲ್ಲಿ ಹಳದಿ ಹೋಯಿತು. ದೋಸೆ ನಿಂತಿತು ಅಂದುಕೊಂಡೆ. ಪುಡಿಯ ಡಬ್ಬಿ ಮಾತ್ರ ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತಿತ್ತು. ಮಳೆಗಾಲದ ಒಂದು ಮಧ್ಯಾಹ್ನ ಅತ್ತೆ ಎಲೆಅಡಿಕೆ ಹಾಕಲು ಸಂಚಿ ಬಿಚ್ಚಿ, ಸುಣ್ಣದ ಡಬ್ಬಿ ಕೊಡು ಅಂದರು. ಎರಡು ಡಬ್ಬಿಗಳಿದ್ದವು. ಒಂದರ ಮುಚ್ಚಳ ತೆಗೆದರೆ ಸುಣ್ಣ ಅಲ್ಲ, ಹಳದಿ ಮಿಶ್ರಿತ ಬೂದು ಬಣ್ಣದ ಪುಡಿ. ಆ ವಾಸನೆ ನನಗೆ ಗೊತ್ತು. ನಾನು ತಲೆ ಎತ್ತಿ ನೋಡಿದೆ. ಅತ್ತೆ ವೀಳ್ಯದೆಲೆಯ ನಾರು ತೆಗೆಯುತ್ತಾ, "ಅದಲ್ಲ, ಇನ್ನೊಂದು" ಅಂದರು. ಸ್ವಲ್ಪ ಹೊತ್ತಿಗೆ ತಾವೇ ಹೇಳಿದರು, ದೋಸೆಯನ್ನು ಚೂರು ಮಾಡಿ, ಮಜ್ಜಿಗೆಯಲ್ಲಿ ನೆನೆಸಿ, ಚಿಟಿಕೆ ಪುಡಿ ಕಲಸಿ, ಆರಿದ ಮೇಲೆ ಕೊಡುವುದಂತೆ. "ಹದ ನನಗೆ ಗೊತ್ತು."

ಹಂದಿಯ ಪುಡಿ ಅವರ ಎಲೆಅಡಿಕೆ ಸಂಚಿಯಲ್ಲಿ, ಸುಣ್ಣದ ಪಕ್ಕದಲ್ಲಿ. ಗೋಡೆಯ ಚೀಟಿಯನ್ನು ಅವತ್ತೇ ಕಿತ್ತುಹಾಕಿದೆ.

ಈಗ ಅವನಿಗೆ ಏಳು ವರ್ಷ. ದಪ್ಪಗೆ ಆಗಲೇ ಇಲ್ಲ, ಆಗುವುದೂ ಇಲ್ಲ. ಈಗಲೂ ಹೊಸಬರು ಯಾರಾದರೂ ಬಂದರೆ ಆ ಪ್ರಶ್ನೆ ಕೇಳುತ್ತಾರೆ. ನಡುವೆ ಒಂದೊಂದು ಸಲ ಹೊಟ್ಟೆ ಕೆಟ್ಟು ವಾರಗಟ್ಟಲೆ ಆಂಟಿಬಯಾಟಿಕ್ ನಡೆಯುತ್ತದೆ. ಮೂವರೂ ಒಟ್ಟಿಗೆ ಮನೆ ಬಿಟ್ಟು ಒಂದು ರಾತ್ರಿ ಹೊರಗೆ ಉಳಿದು ಐದು ವರ್ಷವಾಯಿತು. ಬೇರೆಯವರ ಕೈಗೆ ಆ ಅಳತೆ ಕೊಟ್ಟು ಹೋಗಲು ಧೈರ್ಯ ಬರುವುದಿಲ್ಲ. ಕಳೆದ ವೈಶಾಖದಲ್ಲಿ ಶಿರಸಿಯಲ್ಲಿ ಹತ್ತಿರದವರ ಮದುವೆ ಇತ್ತು. ಅತ್ತೆಯ ತವರಿನ ಕಡೆಯವರದೇ. ಹೋಗಬೇಕಾದವರು ಅವರು. "ನೀವಿಬ್ಬರು ಹೋಗಿ ಬನ್ನಿ, ನನಗೆ ಬಸ್ಸು ಆಗೋದಿಲ್ಲ" ಅಂದರು. ಅವರಿಗೆ ಬಸ್ಸು ಚೆನ್ನಾಗಿಯೇ ಆಗುತ್ತದೆ.

ಮದುವೆಯ ದಿನ ಪಂಕ್ತಿಯಲ್ಲಿ ಕೂತಿದ್ದೆ. ಅತ್ತೆಯ ಫೋನು ಬಂತು. ಗದ್ದಲದಲ್ಲಿ ಕೇಳದೆ ಸ್ಪೀಕರ್ ಒತ್ತಿಬಿಟ್ಟೆ. ಅವರಿಗೆ ಫೋನಿನಲ್ಲಿ ಕೂಗಿಯೇ ಅಭ್ಯಾಸ. "ಬೆಳಗ್ಗೆ ಒಂದ್ಸಲ ಆಯ್ತು! ಗಟ್ಟಿ! ಕಂದು ಬಣ್ಣ! ಮಧ್ಯಾಹ್ನದ್ದು ಇನ್ನೂ ಆಗ್ಲಿಲ್ಲ!" ಪಕ್ಕದ ಎಲೆಯವರು ಹೋಳಿಗೆ ಮುರಿಯುವುದನ್ನು ನಿಲ್ಲಿಸಿದರು. ಬಡಿಸುವವರು ತುಪ್ಪದ ಗಿಂಡಿ ಹಿಡಿದು ಹಾಗೇ ನಿಂತರು. ಇವರು ಸಾರಿನ ದೊನ್ನೆಯ ಕಡೆ ಮುಖ ಬಗ್ಗಿಸಿಕೊಂಡರು. ಸರಿ ಅತ್ತೆ, ಸರಿ, ಆಮೇಲೆ ಮಾಡ್ತೇನೆ ಅಂತ ನಾನು ಎಷ್ಟು ಹೇಳಿದರೂ ಅವರು ಇಡಲಿಲ್ಲ.

"ನಿನ್ನ ಊಟ ಆಯ್ತನೇ?"